ಹಿಂದುಳಿಯುವುದರಲ್ಲಿ ಸೋತದ್ದು

ಬಡಾಯಿಯಲ್ಲಿ ಭೀಮಾ ನದಿಯ ಎರಡೂ ದಂಡೆಗೆ ನನ್ನನ್ನು ಮೀರಿಸಿದವರಿಲ್ಲ, ಅತನೂರಿನ ಒಬ್ಬನ ಹೊರತು.

ನಮ್ಮೂರು ಹೊಳೆಯ ಈ ದಂಡೆಗೆ, ವಿಜಯಪುರ ಜಿಲ್ಲೆ; ಅತನೂರು, ಅಫಜಲಪುರ ಆ ದಂಡೆಗೆ, ಕಲಬುರಗಿ ಜಿಲ್ಲೆ. ನಿಂಬೆಹಣ್ಣು ಮಾರಲು ಅಫಜಲಪುರಕ್ಕೆ ಹೋದಾಗ ಚಹಾದಂಗಡಿಯಲ್ಲಿ ಆತ ಪೇಢೆ ಹಂಚುತ್ತಿದ್ದ. ಸಂವಿಧಾನದ 371ಜೆ ಕಲಮು ಕಲಬುರಗಿ ಸೀಮೆಗೆ ಮಾತ್ರ ಕೊಟ್ಟ ಮೀಸಲಾತಿಯಲ್ಲಿ ಅವನ ಮಗಳಿಗೆ ಡಾಕ್ಟರ್ ಸೀಟು ಸಿಕ್ಕಿತ್ತಂತೆ. ಅವಳಿಗಿಂತ ಹೆಚ್ಚು ಅಂಕ ತೆಗೆದ ನನ್ನ ಮಗಳು ಸೀಟಿಲ್ಲದೆ ಮನೆಯಲ್ಲಿ ಅಳುತ್ತಿದ್ದಳು. ಆದರೂ ಅವನ ಪೇಢೆ ನುಂಗಿದೆ.

"ಸಂವಿಧಾನ ಭಾಳ ಚಲೋ ಅದರಿ. ಹಿಂದುಳಿದವರನ್ನ ಹುಡುಕಿ ಕೈ ಹಿಡೀತದ," ಅಂದ.

"ಆ ಕೈ ಗಿಡ್ಡ ಅದರಿ, ಹೊಳಿ ದಾಟಂಗಿಲ್ಲ," ಅಂದೆ. "ಖರೇ ಹಿಂದುಳಿದವರು ನಾವು. ನಮ್ಮೂರ ರಸ್ತಿ ಗುಂಡ್ಯಾಗ ಬಿದ್ದ ಎಮ್ಮಿ ಮ್ಯಾಲ ಬರೂದರಾಗ ಎರಡು ಸಲ ಕರು ಹಾಕಿತ್ತು."

ಆತ ಬಾಯಿ ಒರೆಸಿಕೊಂಡು, "ಹೌದ್ರಿ? ನಿಮ್ಮೂರಿಗೆ ರಸ್ತಿ ಅದ?" ಅಂದ.

ಅಂಗಡಿಯವರೆಲ್ಲ ನಕ್ಕರು. ನಾನು ನಿಂಬೆಹಣ್ಣಿನ ಚೀಲ ಹೆಗಲಿಗೇರಿಸಿ ಊರಿನ ದಾರಿ ಹಿಡಿದೆ.

ಈ ಹೊಟ್ಟೆಕಿಚ್ಚನ್ನು ಯಾರ ಮೇಲೆ ತೀರಿಸಲಿ? ಹೊಳೆಯ ಈ ದಂಡೆಗೆ ಮನೆ ಕಟ್ಟಿದ ನಮ್ಮಪ್ಪನ ಫೋಟೋಕ್ಕೆ ಅವತ್ತು ಊದಿನಕಡ್ಡಿ ಹಚ್ಚಲಿಲ್ಲ.