ಗ್ರಾಂಟಿಗೆ ಕಾದ ಹಾರ್ಮೋನಿಯಂ

ಫೂಸ್... ಫೂಸ್... ಗುಮ್ಮಳಾಪುರದ ಬಯಲಾಟದ ಮೇಳದಲ್ಲಿದ್ದ ಕಾಲು ಹಾರ್ಮೋನಿಯಂ ಹೊರಡಿಸುತ್ತಿದ್ದ ಸದ್ದು ಅದು. ತಿದಿ ಹರಿದುಹೋಗಿ ಸ್ವರಕ್ಕಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ನಾನು ಓದಿದ ಕಾನ್ವೆಂಟಿನ ಮುದಿ ಮದರ್ ಮೆಟ್ಟಿಲು ಹತ್ತುವಾಗ ಹೀಗೇ ಉಸಿರು ಬಿಡುತ್ತಿದ್ದರು. ಮದರ್‌ಗಾದರೆ ಡಾಕ್ಟರ್ ಬರುತ್ತಿದ್ದರು. ಹಾರ್ಮೋನಿಯಂಗೆ ಬರಬೇಕಾಗಿದ್ದದ್ದು ಸರ್ಕಾರದ ಗ್ರಾಂಟು.

ಎಪ್ಪತ್ತರ ದಶಕ. ನಾನು ಹೊಸೂರಿನಲ್ಲಿ ಇಂಗ್ಲಿಷ್ ಟೀಚರ್. ಹಳ್ಳಿಯ ಕಲಾವಿದರಿಗೆ ಗ್ರಾಂಟ್ ಕೊಡುತ್ತಾರಂತೆ ಎಂಬ ಸುದ್ದಿ ಹಿಡಿದು ಮೇಳದ ಕೋಡಂಗಿ ನಮ್ಮ ಮನೆಗೆ ಬಂದ. ಆಟದಲ್ಲಿ ನಗಿಸುವ ವೇಷ ಅವನದು, ಮೇಳದ ಯಜಮಾನನೂ ಅವನೇ. ಹೊಸ ಹಾರ್ಮೋನಿಯಂ ಬರದಿದ್ದರೆ ಆಟ ಆ ವರ್ಷಕ್ಕೇ ಮುಗಿಯಿತು ಎಂದ. ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಏನ್ಷಿಯಂಟ್ ಹೆರಿಟೇಜ್ ಎಂದೆಲ್ಲ ಸೇರಿಸಿದೆ. ಬರೀ ಹಾರ್ಮೋನಿಯಂ ಬೇಕು ಎಂದರೆ ಸರ್ಕಾರಕ್ಕೆ ಅರ್ಥವಾಗಬೇಕಲ್ಲ!

ಕಲೆ ನಿಜವಾಗಿಯೂ ಇದೆಯೋ ಇಲ್ಲವೋ ಎಂದು ಇನ್ಸ್‌ಪೆಕ್ಷನ್‌ಗೆ ಒಬ್ಬ ಆಫೀಸರ್ ಬರುವುದೆಂದಾಯಿತು, ಅದೂ ಮಟಮಟ ಮಧ್ಯಾಹ್ನ. ರಾತ್ರಿ ಆಡುವ ಆಟವನ್ನು ಬಿಸಿಲಲ್ಲಿ ಆಡಬೇಕು. ಆಫೀಸ್ ಅವರ್ಸ್ ಮುಗಿದ ಮೇಲೆ ಕಲೆ ಇರುವುದಕ್ಕೆ ರೂಲ್ಸ್ ಎಲ್ಲಿದೆ?

ಈ ಮೇಳಕ್ಕೊಂದು ಕಟ್ಟಳೆಯಿತ್ತು. ಬಂದವರಲ್ಲಿ ದೊಡ್ಡ ಮನುಷ್ಯ ಯಾರೋ ಅವನನ್ನು ಕೋಡಂಗಿ ಎಲ್ಲರೆದುರು ಛೇಡಿಸಬೇಕು, ಆಮೇಲೇ ರಾಜನ ಪ್ರವೇಶ. ಅದೇ ಅವರು ಕೊಡುವ ಮರ್ಯಾದೆ. ನನಗೆ ದಿಗಿಲಾಗಿ, "ಇವತ್ತೊಂದು ದಿನ ಅದನ್ನ ಬಿಟ್ಟುಬಿಡಯ್ಯ, ಪ್ಲೀಸ್," ಎಂದೆ.

"ಏನ್ ಟೀಚರಮ್ಮ ಇಂಗಂತೀರಾ? ಓದ್ ಸಲ ಚೇರ್ಮನ್ನರನ್ನ ಬೈಯ್ಯಾಕೆ ಮರ್ತೆ ಅಂತ ಅವ್ರು ವರ್ಸ ಪೂರ್ತಿ ಮಾತಾಡ್ನಿಲ್ಲ. ಅಷ್ಟ್ ದೂರದಿಂದ ಬಂದೋರ್ಗೆ ಅವಮಾನ ಮಾಡದಾ?"

ಆಫೀಸರ್ ಕುರ್ಚಿಯಲ್ಲಿ ಕೂತರು. ಹಾರ್ಮೋನಿಯಂ ಫೂಸ್ ಎಂದಿತು. ಕೋಡಂಗಿ ಕುಣಿಯುತ್ತ ಬಂದು ಅವರೆದುರು ನಿಂತ.

"ಯಾರ್ಲಾ ಇದು? ಒಟ್ಟೆ ಮುಂಚೆ ಬಂದ್ಬುಟ್ಟೈತೆ! ಸಾಯೇಬ್ರು ಇಂದ್ಗಡೆ ಬಸ್ನಾಗೆ ಬತ್ತಾವ್ರಾ?"

ಊರಿಗೆ ಊರೇ ನಕ್ಕಿತು. ತಮಿಳು ಸರ್ಕಾರದ ಆಫೀಸರಿಗೆ ಕನ್ನಡ ಬಾರದು, ಪಾಪ, ಸುಮ್ಮನೆ ಮುಗುಳ್ನಗುತ್ತಿದ್ದರು. ಇಷ್ಟು ದೊಡ್ಡ ಮರ್ಯಾದೆ ಅವರಿಗೆ ತಪ್ಪಿಹೋಗಬಾರದೆಂದು ಕೋಡಂಗಿ ಅದನ್ನೇ ತಮಿಳಿನಲ್ಲಿ ಹೇಳಿದ. ಸಾಲದೆಂದು ತೆಲುಗಿನಲ್ಲೂ ಹೇಳಿದ. ರಾಜ ಬರುವಷ್ಟರಲ್ಲಿ ಜೀಪು ಹೊರಟಿತ್ತು.

ಕಲೆಯಲ್ಲಿ ಡಿಗ್ನಿಟಿ ಸಾಲದು ಎಂದು ಉತ್ತರ ಬಂತು. ಗ್ರಾಂಟು ಟೌನಿನ ಒಂದು ಕಲಾ ಸಂಘಕ್ಕೆ ಹೋಯಿತು. ಅವರಿಗೆ ಗೊತ್ತಿದ್ದದ್ದು ಪ್ರಾರ್ಥನೆ, ಹಾರ, ವಂದನಾರ್ಪಣೆ. ತುಂಬ ಡಿಗ್ನಿಫೈಡ್. ಆ ದುಡ್ಡಿನಲ್ಲಿ ಸ್ಟೀಲ್ ಕುರ್ಚಿ ಕೊಂಡರು. ಕಲೆಗೆ ಕೂರಲು ಜಾಗ ಬೇಡವೇ?

ಹಾರ್ಮೋನಿಯಂ ಪೂರ್ತಿ ಉಸಿರು ನಿಲ್ಲಿಸಿತು. ಆಟವೂ ನಿಂತಿತು.

ಎಂಬತ್ತರ ದಶಕದಲ್ಲಿ, ಮತ್ತಿಗಿರಿ ಹತ್ತಿರದ ಒಂದು ಫ್ಯಾಕ್ಟರಿಯ ಆನ್ಯುಯಲ್ ಡೇಗೆ ನನ್ನನ್ನು ಚೀಫ್ ಗೆಸ್ಟ್ ಎಂದು ಕರೆದಿದ್ದರು. ಗೇಟಿನಲ್ಲಿ ಖಾಕಿ ಹಾಕಿದ ವಾಚ್‌ಮನ್ ಲಾಠಿ ಅಡ್ಡ ಹಿಡಿದು ಕಾರು ನಿಲ್ಲಿಸಿದ. ಬಗ್ಗಿ ನೋಡಿದ. ಅದೇ ಕೋಡಂಗಿ.

"ಯಾರಮ್ಮೀ ನೀನು? ನಿನ್ ಇಂಗ್ಲೀಸು ಆಗ್ಲೇ ಒಳೀಕೋಯ್ತು, ನೀನ್ಯಾವಾಗ ಬರಾದು?"

ಪಕ್ಕದಲ್ಲಿದ್ದ ಮ್ಯಾನೇಜರ್ ಕೆಂಪಾಗಿ, "ಸೋ ಸಾರಿ ಮೇಡಂ, ಇವನನ್ನ ಇವತ್ತೇ..." ಎಂದರು.

"ಸುಮ್ನಿರಿ," ಎಂದೆ. "ಅವನಿನ್ನೂ ಮುಗಿಸಿಲ್ಲ."

ಆದರೆ ಅವನು ಮುಗಿಸಿದ್ದ. ಸಲ್ಯೂಟ್ ಹೊಡೆದು ಗೇಟು ತಳ್ಳತೊಡಗಿದ. ಕಾರು ಒಳಗೆ ಹೋಗುವಾಗ ತಿರುಗಿ ನೋಡಿದೆ. ನೆಟ್ಟಗೆ ನಿಂತು, ನನ್ನ ಕಡೆ ನೋಡದೆ, ಕೆನ್ನೆ ಉಬ್ಬಿಸಿ ಬಾಯಲ್ಲೇ ಆ ಹಾರ್ಮೋನಿಯಂ ನುಡಿಸುತ್ತಿದ್ದ: ಫೂಸ್... ಫೂಸ್... ಅವನನ್ನು ನಾನು ಕೊನೆಯ ಸಲ ನೋಡಿದ್ದು ಆವತ್ತು.