ಪಟೇಲರನ್ನು ಮಲಗಿಸುವವರೆಗೆ

ಕೊಲೆಯಾದವನು ಹಬ್ಬ ಮುಗಿಯುವ ತನಕ ನಿಂತೇ ಇರಬೇಕು ಎನ್ನುವ ಕಾನೂನು ಯಾವ ಕೋರ್ಟಿನಲ್ಲೂ ಇಲ್ಲ. ನಮ್ಮ ಅತ್ತೆಯ ಗೊಂಬೆ ಮೆಟ್ಟಿಲಿನ ಮೇಲೆ ಮಾತ್ರ ಇದೆ.

ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ನವರಾತ್ರಿ ಬಂತೆಂದರೆ ಬಹಳ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ಈಚೆಗೆ ಅದಕ್ಕೊಂದು ಥೀಮು ಬೇರೆ ಬೇಕು. ಒಬ್ಬರು ಮೆಟ್ರೋ ಸ್ಟೇಷನ್ ಮಾಡಿದರೆ ಪಕ್ಕದವರು ಹೊಟ್ಟೆ ಉರಿದುಕೊಂಡು ವಿಮಾನ ನಿಲ್ದಾಣ ಮಾಡುತ್ತಾರೆ. "ಈ ಸಲ ನಮ್ದೇನು ಅತ್ತೆ?" ಎಂದು ಕೇಳಿದೆ. ಅತ್ತೆ ಅಟ್ಟದ ಪೆಟ್ಟಿಗೆಯಿಂದ ಡೊಳ್ಳುಹೊಟ್ಟೆಯ ಶೆಟ್ಟಿ ಗೊಂಬೆಯನ್ನು ತೆಗೆದು, ಧೂಳು ಊದಿ, "ಕೊಲೆ" ಅಂದರು.

ಹೇರೋಹಳ್ಳಿ ಕಡೆಯ ಒಂದು ಊರಿನ ಪಟೇಲರ ಕೊಲೆ ಅದು. ಮಹಾರಾಜರ ಕಾಲದ್ದು. ಊರು ಈಗ ಸೈಟುಗಳಾಗಿ ಹೋಗಿದ್ದರೂ ಹಳಬರ ಬಾಯಲ್ಲಿ ಕಥೆ ಉಳಿದಿದೆ. ಪಟೇಲರು ಹಬ್ಬದೂಟ ಮುಗಿಸಿ, ಗಸಗಸೆ ಪಾಯಸ ಕುಡಿದು ಮಲಗಿದವರು ಏಳಲೇ ಇಲ್ಲ. ಗಸಗಸೆ ಪಾಯಸ ಕುಡಿದರೆ ಯಾರಿಗಾದರೂ ನಿದ್ದೆ ಬರುತ್ತದೆ, ನಿಜ. ಆದರೆ ಅಷ್ಟೊಂದು ಬರಬಾರದು. ಮನೆಯಲ್ಲಿದ್ದವರು ಮೂವರು ಹೆಂಗಸರು: ಹಿರಿಯ ಹೆಂಡತಿ, ಕಿರಿಯ ಹೆಂಡತಿ, ಅಡುಗೆಯಾಕೆ. ಪೊಲೀಸರು ಮೂವರನ್ನೂ ಹಿಡಿದರು, ಕೋರ್ಟು ಮೂವರನ್ನೂ ಬಿಟ್ಟಿತು. ಹೆಂಡತಿಯರಿಬ್ಬರೂ ಮರ್ಯಾದೆಯಾಗಿ ಮನೆಗೆ ಹೋದರು. ಅಡುಗೆಯಾಕೆಯನ್ನು ಮಾತ್ರ ಊರು ಬಿಡಲಿಲ್ಲ, 'ವಿಷದವಳು' ಎಂದು ಹೆಸರಿಟ್ಟಿತು.

"ಆ ಅಡುಗೆಯವ್ಳು ಯಾರು ಗೊತ್ತಾ? ನಮ್ಮವ್ವನ ಅವ್ವ," ಅಂದರು ಅತ್ತೆ.

ನಾನು ಈ ಮನೆಗೆ ಸೊಸೆಯಾಗಿ ಬಂದು ಎಷ್ಟೋ ಕಾಲವಾಗಿತ್ತು. ಅತ್ತೆ ಒಂದು ದಿನವೂ ಈ ಬಗ್ಗೆ ಬಾಯಿ ಬಿಟ್ಟಿರಲಿಲ್ಲ, ಪುಣ್ಯಾತ್ಗಿತ್ತಿ.

"ಸಾಯೋವರ್ಗೂ ಆ ಊರಲ್ಲಿ ಒಬ್ರೂ ಅವಳ ಕೈಯಿಂದ ಒಂದು ಲೋಟ ನೀರು ಈಸ್ಕೊಳ್ಳಿಲ್ಲ ಕಣೇ. ಹಬ್ಬ ಬಂದ್ರೆ ಪಾಯಸ ಮಾಡ್ಕೊಂಡು ಬಾಗ್ಲಲ್ಲಿ ಕೂತಿರೋಳಂತೆ, ಯಾರಾದ್ರೂ ಬರ್ತಾರೇನೋ ಅಂತ." ಅತ್ತೆ ಎದುರುಮನೆಯ ಕಡೆ ಗದ್ದ ಚಾಚಿದರು. "ಈ ಸಲ ಆ ಪಟೇಲರ ಮನೆಯವ್ಳಿಗೇ ಅದೇ ಪಾಯಸ ಕುಡಿಸ್ತೀನಿ, ನೋಡ್ತಿರು."

ಎದುರುಮನೆ ದೊಡ್ಡಮ್ಮ ಪಟೇಲರ ಹಿರಿಯ ಹೆಂಡತಿಯ ಮೊಮ್ಮಗಳು. ಈ ವಿಷಯ ತರಕಾರಿ ಗಾಡಿಯವನಿಗೂ ಗೊತ್ತು, ಅಷ್ಟು ಸಲ ಹೇಳಿಕೊಂಡಿದ್ದಾರೆ.

ಶೆಟ್ಟಿಗೆ ಪೇಟ ಸುತ್ತಿ ಪಟೇಲರನ್ನಾಗಿ ಮಾಡಿದೆವು. ಹಿರಿಯ ಹೆಂಡತಿಯಾಗಿ ತಲೆಯಾಡಿಸುವ ತಂಜಾವೂರು ಗೊಂಬೆ. ನೀನೇ ಕೊಂದೆಯಾ ಎಂದರೂ ಹೂಂ, ಅವಳು ಕೊಂದಳಾ ಎಂದರೂ ಹೂಂ. ಕಿರಿಯಳಾಗಿ ನನ್ನ ಮಗಳ ಹಳೆಯ, ಹೊಂಬಣ್ಣದ ಕೂದಲಿನ ಪ್ಲಾಸ್ಟಿಕ್ ಬೆಡಗಿ. ಅವಳಿಗೆ ರವಿಕೆ ಕಣದಲ್ಲೇ ಸೀರೆ ಉಡಿಸಿದೆ. ಅಡುಗೆಯಾಕೆಯಾಗಿ ಚನ್ನಪಟ್ಟಣದ ಮರದ ಗೊಂಬೆ. ನಾನು ಪಟೇಲರನ್ನು ಚಾಪೆಯ ಮೇಲೆ ಅಡ್ಡ ಮಲಗಿಸಲು ಹೋದೆ. ಹೆಣ ಎಂದರೆ ಮಲಗಿರಬೇಕಲ್ಲ.

"ಅಯ್ಯೋ ನಿನ್ ಬುದ್ಧಿಗಿಷ್ಟು! ಹಬ್ಬದ ಮಧ್ಯೆ ಗೊಂಬೆ ಮಲಗಿಸ್ತಾರೇನೇ?" ಎಂದು ಅತ್ತೆ ಕೈಮೇಲೆ ಹೊಡೆದರು. ಗೊಂಬೆಯನ್ನು ಮಲಗಿಸುವುದು ವಿಜಯದಶಮಿಯ ಸಂಜೆ, ಆರತಿ ಎತ್ತಿದ ಮೇಲೆ. ಮಲಗಿತೆಂದರೆ ಹಬ್ಬ ಮುಗಿಯಿತು ಎಂದರ್ಥ. ಹಾಗಾಗಿ ಪಟೇಲರು ತಮ್ಮ ಕೊಲೆಗೆ ತಾವೇ ಹಲ್ಲು ಕಿರಿಯುತ್ತ ನಿಂತರು. ಅವರನ್ನು ಯಾರೂ ನೋಡಲಿಲ್ಲ. ಬಂದವರ ಕಣ್ಣೆಲ್ಲ ಆ ಮೂವರು ಹೆಂಗಸರ ಮೇಲೆ.

ಪಾಯಸದ ಕೆಲಸ ನನ್ನ ತಲೆಗೆ ಬಿತ್ತು. ಮಾರೇನಹಳ್ಳಿಯಿಂದ ಗಸಗಸೆ ತಂದು, ಹುರಿದು, ಕಾಯಿ ಜೊತೆ ರುಬ್ಬುವುದು. ರುಬ್ಬುವಾಗ ಅತ್ತೆ ನಾಲ್ಕು ಕಾಳು ಮೆಣಸು ಹಾಕಿದರು. ಪಾಯಸಕ್ಕೆ ಮೆಣಸೇ ಎಂದರೆ, "ಅಜ್ಜಿ ಹಾಕ್ತಿದ್ಳು, ಮುಚ್ಕೊಂಡು ರುಬ್ಬು" ಎಂದರು.

ಮೊದಲ ಸಂಜೆಯೇ ದೊಡ್ಡಮ್ಮ ದಡದಡನೆ ಬಂದರು. "ಏನ್ರೀ, ನಮ್ಮ ತಾತನ ಕೊಲೆ ನಿಮ್ಗೆ ಗೊಂಬೆ ಆಟಾನಾ?"

ಬೈಯಲು ಬಂದವರು ಮೆಟ್ಟಿಲ ಮುಂದೆ ಬಗ್ಗಿ ನೋಡುತ್ತ ನಿಂತುಬಿಟ್ಟರು. "ನಮ್ಮಜ್ಜಿ ಇಷ್ಟು ದಪ್ಪ ಇರ್ಲಿಲ್ಲ. ಇವ್ಳಿಗ್ಯಾಕೆ ಜರಿ ಸೀರೆ? ಕಿರಿಯವ್ಳಿಗೆ ಅಷ್ಟೆಲ್ಲಾ ಯಾರು ಕೊಟ್ಟಿದ್ರು?" ಅತ್ತೆ ಪಾಯಸದ ಲೋಟ ಚಾಚಿದರು. ದೊಡ್ಡಮ್ಮ "ಶುಗರ್ ಇದೆ" ಎಂದು ಮುಖ ತಿರುಗಿಸಿದರು. ಆಮೇಲೆ ಏನನ್ನಿಸಿತೋ, ಒಂದು ಗುಟುಕು ಕುಡಿದು ಕುರ್ಚಿ ಎಳೆದು ಕೂತರು. ಲೋಟ ಖಾಲಿ ಮಾಡಿಯೇ ಎದ್ದರು. ಮರುದಿನ ಬಂದರು, ಅದರ ಮರುದಿನವೂ ಬಂದರು. ಪ್ರತಿಸಲ ಒಂದು ತಿದ್ದುಪಡಿ, ಒಂದು ಲೋಟ ಪಾಯಸ, ಕುರ್ಚಿಯಲ್ಲೇ ಒಂದು ತೂಕಡಿಕೆ.

"ಗೆದ್ರಲ್ಲ ಅತ್ತೆ," ಎಂದೆ.

"ಎಲ್ಲಿ ಗೆದ್ದೆ? ಗೊತ್ತಿಲ್ದೆ ಕುಡಿದ್ರೆ ಅದು ಮೋಸ ಆಯ್ತು. ಮಲಗಿಸೋ ದಿನ ಹೇಳ್ತೀನಿ. ಹೇಳಿದ್ಮೇಲೂ ಕುಡೀಬೇಕು." ಹೇಳುವಾಗ ಅವರ ಮುಖದಲ್ಲಿ ಎಂದೂ ಕಾಣದ ಹೆದರಿಕೆ ಇತ್ತು. ನನಗೆ ಪಾಪ ಅನ್ನಿಸಿತು, ಅತ್ತೆಯ ವಿಷಯದಲ್ಲಿ ಅದು ಅಪರೂಪ.

ಅಷ್ಟರಲ್ಲಿ ರಸ್ತೆಯ ಹೆಂಗಸರಿಗೆಲ್ಲ ಕೊಂದವರು ಯಾರು ಎನ್ನುವ ಹುಚ್ಚು ಹಿಡಿದಿತ್ತು. ವಾಕಿಂಗ್‌ನಲ್ಲೂ ಅದೇ, ಹಾಲಿನ ಬೂತಿನಲ್ಲೂ ಅದೇ. ಅತ್ತೆ ಎಲ್ಲರಿಗೂ "ವಿಜಯದಶಮಿಗೆ ಬನ್ನಿ" ಎಂದು ಹೇಳಿ ಕಳಿಸುತ್ತಿದ್ದರು. ಆ ಸಂಜೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರತಿ ಆಯಿತು. ಎಲ್ಲರ ಕೈಗೂ ಪಾಯಸ ಬಂತು. ಅತ್ತೆ ಮರದ ಗೊಂಬೆಯನ್ನು ಎದೆಗೆ ಒತ್ತಿ ಹಿಡಿದರು.

"ಯಾರು ಕೊಂದ್ರು ನಂಗೊತ್ತಿಲ್ಲ. ಇವ್ಳು ನಮ್ಮಜ್ಜಿ. ಇಷ್ಟು ದಿನ ನೀವು ಕುಡಿದಿದ್ದು ಇವ್ಳ ಪಾಯಸ."

ಒಬ್ಬರು ಲೋಟದೊಳಗೆ ಇಣುಕಿದರು. ಇನ್ನೊಬ್ಬರು ಮೆಲ್ಲಗೆ ಕೆಳಗಿಟ್ಟರು. ದೊಡ್ಡಮ್ಮ ಮಾತ್ರ ಲೋಟವನ್ನು ಕೈಯಲ್ಲೇ ಹಿಡಿದಿದ್ದರು.

"ಈಗ ಹೇಳ್ತಿದ್ದೀಯಾ?" ಎಂದರು. "ನಂಗೆ ಮೊದ್ಲ ದಿನಾನೇ ಗೊತ್ತಾಯ್ತು. ಗಂಟ್ಲಲ್ಲಿ ಚುರ್ ಅಂತು. ಪ್ರಪಂಚದಲ್ಲಿ ಇನ್ಯಾವಳು ಪಾಯಸಕ್ಕೆ ಮೆಣಸು ಹಾಕ್ತಾಳೆ? ನಮ್ಮಜ್ಜಿ ಸಾಯೋ ಮುಂಚೆ ಅದನ್ನೇ ಕೇಳ್ತಿದ್ಳು. ಮೆಣಸು ಹಾಕಿದ ಪಾಯಸ, ನಿಮ್ಮಜ್ಜಿ ಮಾಡಿದ್ದು, ಒಂದೇ ಒಂದು ಗುಟುಕು ಅಂತ. ನಿಮ್ಮಜ್ಜಿ ಮನೆ ಎರಡು ಬೀದಿ ಆಚೆ ಇತ್ತು. ಊರೋರಿಗೆ ಹೆದರ್ಕೊಂಡು ನಮ್ಮನೇಲಿ ಒಬ್ರೂ ಹೋಗಿ ಈಸ್ಕೊಂಡು ಬರ್ಲಿಲ್ಲ."

ಗಂಡ ಸತ್ತಾಗಲೂ ನಾಲ್ಕು ಜನರ ಮುಂದೆ ಅಳದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು.

ದೊಡ್ಡಮ್ಮ ಲೋಟ ಮುಂದೆ ಚಾಚಿದರು. "ಅಳೋದು ಆಮೇಲೆ. ಇನ್ನೊಂದು ಸೌಟು ಹಾಕು, ಇದು ನಮ್ಮಜ್ಜಿ ಪಾಲಿಂದು."

ಅತ್ತೆ ಬಡಿಸಿದರು. ಅರ್ಧ ದೊಡ್ಡಮ್ಮನ ಸೀರೆಯ ಮೇಲೆ ಚೆಲ್ಲಿತು. ಅವರು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ಮೆಟ್ಟಿಲ ಮೇಲಿನ ತಮ್ಮ ತಾತನನ್ನು ನೋಡಿದರು.

"ಇನ್ನಾದ್ರೂ ಆ ಮುದುಕನ್ನ ಮಲಗ್ಸು ಕಣೇ. ನಿಂತೂ ನಿಂತೂ ಕಾಲು ನೋಯ್ತಿರುತ್ತೆ."