ಕಂಬಳಿ ಹೊದ್ದ ಈರುಳ್ಳಿ ಸಸಿ

ಚಳ್ಳಕೆರೆಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಜೀವಕೋಶದ ಪೊರೆಯ ಪಾಠ ಪ್ರತಿ ವರ್ಷ ಬರುತ್ತದೆ, ಮಾಡಿ ಮುಗಿಸುತ್ತೇನೆ. ಅದೇ ಪಾಠವನ್ನು ಮಳೆಯಲ್ಲಿ ತೊಪ್ಪೆಯಾಗಿ ನಿಂತು, ಹೆತ್ತ ಅಪ್ಪನ ಜೊತೆ ಜಗಳವಾಡುತ್ತಾ ಮಾಡಬೇಕಾಗುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ನಮ್ಮೂರು ಪರಶುರಾಂಪುರದಿಂದ ಆಚೆಗೆ. ಅಪ್ಪ ಆಯುಷ್ಯವೆಲ್ಲ ಕುರಿ ಕಾಯ್ದವನು. ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳು ಚಿಕ್ಕಪ್ಪನ ಹಟ್ಟಿ ಸೇರಿದವು, ಅಪ್ಪ ಈರುಳ್ಳಿ ಬೆಳೆಯುತ್ತೇನೆಂದು ಹೊರಟ. ಕುರಿಯವನಿಗೆ ಬೇಸಾಯ ಎಲ್ಲಿ ಹತ್ತುತ್ತದೆ ಎಂದು ಊರಲ್ಲಿ ನಕ್ಕರು. ಆ ನಗು ಅವನಿಗೆ ಚುಚ್ಚಿತ್ತು. ಹೊಲದ ಮೂಲೆಯಲ್ಲಿ ಸಸಿಮಡಿ ಮಾಡಿ ಬೀಜ ಚೆಲ್ಲಿದ. ನಮ್ಮ ಬೋರಿನ ನೀರು ಸವಳು, ಬಾಯಿಗಿಟ್ಟರೆ ಮುಖ ಕಿವುಚಬೇಕು. ಆ ಉಪ್ಪು ನೀರಲ್ಲೇ ಸಸಿಗಳು ಗಿಡ್ಡಗಾದರೂ ಗಟ್ಟಿಯಾಗಿ ಎದ್ದವು. ಅಪ್ಪ ನನ್ನನ್ನು ಕೂಡ ಅಷ್ಟು ಜೋಪಾನ ಮಾಡಿರಲಿಲ್ಲ. ತಂದ ಬೀಜವೆಲ್ಲ ಮಡಿಗೆ ಬಿದ್ದಿತ್ತು. "ಇವು ಹೋದ್ರೆ ನಿಮ್ಮಪ್ಪ ಇನ್ನೊಂದ್ಸಲ ಹೊಲಕ್ಕೆ ಕಾಲಿಡಲ್ಲ ಕಣೆ" ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು.

ನಾನು ಊರಿಗೆ ಹೋಗಿದ್ದ ಒಂದು ಭಾನುವಾರ ಸಂಜೆ ಆಂಧ್ರದ ಕಡೆಯಿಂದ ಮೋಡ ಕಟ್ಟಿತು. ಅವ್ವ ಬಟ್ಟೆ ಎಳೆದುಕೊಳ್ಳಲು ಓಡಿದಳು. ಅಪ್ಪ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೆಗಲಿಗೇರಿಸಿಕೊಂಡು ಕುಂಟುತ್ತಾ ಹೊಲದ ದಾರಿ ಹಿಡಿದ. ಏನೆಂದು ನೋಡಲು ಹಿಂದೆಯೇ ಹೋದರೆ, ಕಂಬಳಿಗಳನ್ನು ಸಸಿಯ ಮೇಲೆ ಹಾಸುತ್ತಿದ್ದಾನೆ!

"ಏನಪ್ಪಾ ಇದು?"

"ಉಪ್ಪು ನೆಕ್ಕಿದ ಕುರೀನ ಒಮ್ಮೆಲೆ ಸಿಹಿನೀರಿಗೆ ಬಿಡ್ತಾರಾ? ಕುಡ್ದು ಕುಡ್ದು ಹೊಟ್ಟೆ ಉಬ್ಬಿ ಬೀಳ್ತಾವೆ. ಇವೂ ಉಪ್ಪು ತಿಂದು ಬೆಳ್ದವು. ಈ ಮಳೆ ಕುಡುದ್ರೆ ಒಡ್ದು ಹೋಗ್ತಾವೆ."

ಕುರಿಯನ್ನಾದರೆ ಎರಡು ಗುಟುಕಿಗೇ ಕೋಲಿನಿಂದ ಹಿಂದಕ್ಕೆ ಅಟ್ಟುತ್ತಿದ್ದ. ಸಸಿಯನ್ನು ಎಲ್ಲಿಗೆ ಅಟ್ಟುತ್ತಾನೆ? ನಗು ಬಂತು, ಆದರೆ ಅವನ ಭಯ ಪೂರಾ ಸುಳ್ಳಲ್ಲ. ಉಪ್ಪು ನೆಲದಲ್ಲಿ ಬೆಳೆದ ಗಿಡ ನೀರನ್ನು ಎಳೆದುಕೊಳ್ಳಲು ತನ್ನ ಕೋಶಗಳಲ್ಲೂ ಲವಣ ತುಂಬಿಕೊಂಡಿರುತ್ತದೆ. ಸಿಹಿನೀರು ಸಿಕ್ಕರೆ ಅದು ಕೋಶದೊಳಗೆ ನುಗ್ಗುತ್ತದೆ, ಕೋಶ ಬಿಗಿಯುತ್ತದೆ.

ಅಷ್ಟರಲ್ಲಿ ಮಳೆ ಹೊಡೆಯಿತು. ಉಣ್ಣೆ ನೀರು ಕುಡಿದು ಭಾರವಾಗಿ ಸಸಿಗಳ ಮೇಲೆ ಕುಸಿಯಿತು. ಕೆಳಗಿನಿಂದ ಒಂದೂ ತುದಿ ಮೇಲೇಳಲಿಲ್ಲ.

"ಅಪ್ಪಾ, ತೆಗಿ. ಮಳೆಗಿಂತ ಮುಂಚೆ ಈ ಭಾರಕ್ಕೇ ಸಾಯ್ತಾವೆ."

"ತೆಗುದ್ರೆ ಒಡೀತಾವೆ."

"ಒಡಿಯಲ್ಲ. ಒಳಗೆ ಬಾಗಿಲು ಇದಾವೆ."

ಅಪ್ಪ ನನ್ನ ಮುಖ ನೋಡಿದ. ಮಳೆಯ ಸದ್ದಿಗೆ ಕೂಗಿಯೇ ಹೇಳಿದೆ. ಕೋಶದ ಪೊರೆಯಲ್ಲಿ ಸಣ್ಣ ಸಣ್ಣ ನಾಳಗಳಿವೆ. ಬೇರೆ ಹೊತ್ತಿನಲ್ಲಿ ಮುಚ್ಚಿರುತ್ತವೆ. ನೀರು ತುಂಬಿ ಪೊರೆ ಎಳೆದಂತಾದಾಗ, ಆ ಎಳೆತಕ್ಕೇ ತೆರೆದುಕೊಳ್ಳುತ್ತವೆ. ಉಪ್ಪಿನ ಅಯಾನುಗಳು ಹೊರಗೆ ಹರಿಯುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಬಿಗಿ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತವೆ. ಕುಕ್ಕರಿನ ಸೀಟಿಯ ಹಾಗೆ ಎಂದೆ. ಹೊರಗೆ ಗಟ್ಟಿ ಗೋಡೆಯೂ ಇದೆ ಎಂದೆ.

"ನೀನು ಕಂಡಿದ್ದೀಯಾ?"

ಅದೇ ಕಷ್ಟದ ಪ್ರಶ್ನೆ. ಹೂವಿನ ಪರಾಗದಲ್ಲಿ ಇಂಥ ನಾಳ ಇಲ್ಲದಿದ್ದರೆ ಕಣಗಳು ನೀರು ಹೀರಿ ಒಡೆಯುತ್ತವೆ ಎಂದು ಓದಿದ್ದೆ. ಈರುಳ್ಳಿ ಸಸಿಯಲ್ಲಿ ಅವು ಎಷ್ಟರಮಟ್ಟಿಗೆ ಕಾಯುತ್ತವೋ ದೇವರಾಣೆಗೂ ತಿಳಿದಿರಲಿಲ್ಲ.

"ಓದಿದ್ದೀನಿ, ಕಂಡಿಲ್ಲ. ಆದ್ರೂ ತೆಗಿ ಅಂತೀನಿ."

ಅಪ್ಪ ಬಗ್ಗಿ ಕಂಬಳಿಯ ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ನೆನೆದ ಕಂಬಳಿ ಎತ್ತುವುದೆಂದರೆ ನೆನೆದ ಎಮ್ಮೆ ಎತ್ತಿದಂತೆ. ಎಲ್ಲವನ್ನೂ ಎತ್ತಿ ಬದುವಿಗೆ ಹಾಕುವ ಹೊತ್ತಿಗೆ ನಡು ಬಿದ್ದುಹೋಯಿತು. ಸಸಿಗಳು ನೆಲಕ್ಕಂಟಿ ಮಲಗಿದ್ದವು. ಅಪ್ಪ ಮನೆಗೆ ಬಂದವನು ಉಣ್ಣಲಿಲ್ಲ. ನಾನೂ ನೆಪಕ್ಕೆ ಮುದ್ದೆ ಮುರಿದೆ. ನನ್ನ ಮಾತು ಸುಳ್ಳಾದರೆ ಊರಿನ ನಗು ನಿಜವಾಗುತ್ತದಲ್ಲ!

ಬೆಳಿಗ್ಗೆ ಕಾಲೇಜಿಗೆ ರಜೆ ಹೇಳಿ ಅವನ ಜೊತೆ ಹೋದೆ. ಅಂಚಿನ ಕೆಲವು ಸಸಿ ಮುರಿದಿದ್ದವು. ಉಳಿದವು ಸೊಟ್ಟಪಟ್ಟಗಾದರೂ ತಲೆ ಎತ್ತಿದ್ದವು, ಒಂದೂ ಕೊಳೆತಿರಲಿಲ್ಲ. ಬಿಸಿಲೇರುವಷ್ಟರಲ್ಲಿ ಇನ್ನೂ ನೆಟ್ಟಗಾದವು. ನನಗೆ ಅಳುವೇ ಬಂತು, ಅತ್ತುಬಿಟ್ಟೆ. ಸಮಾಧಾನಕ್ಕೆ ಅಳುವುದು ಎಷ್ಟು ಸುಖವೆಂದು ಅಂದೇ ತಿಳಿದದ್ದು.

ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಟ್ರ್ಯಾಕ್ಟರ್ ನಿಲ್ಲಿಸಿದ. ಅವನ ಮಡಿಗಳು ಮಳೆಯಲ್ಲಿ ಕೊಚ್ಚಿಹೋಗಿದ್ದವು. "ಸಸಿ ಚೆನ್ನಾಗೈದಾವೆ, ನಂಗೊಂದಿಷ್ಟು ಬೇಕಿತ್ತು. ಯಾರ್ದು ಯಜಮಾನ್ರೆ, ಯಾರನ್ನ ಕೇಳ್ಬೇಕು?" ಎಂದ.

ಅಪ್ಪ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದು ನಿಂತ.

"ನನ್ನ ಕೇಳು," ಎಂದ. "ನಾನೇ ಬೆಳ್ದಿದ್ದು."